ಉಡುಗೊರೆಗೆ ಅಡುಗೆಮನೆ ಟವೆಲ್: ಯಾವ ಬಟ್ಟೆ, ಯಾವ ಅಲಂಕಾರ, ಯಾವ ಅಂಚು?

ಕೈಯಾರೆ ಹೊಲಿದು ಕೊಟ್ಟ ಅಡುಗೆಮನೆ ಟವೆಲ್ಲಿಗೆ ಎರಡೇ ಗತಿ. ಒಂದೋ ದಿನವೂ ಸಿಂಕಿನ ಪಕ್ಕದ ಮೊಳೆಗೆ ತೂಗುತ್ತದೆ, ಇಲ್ಲವೇ "ಎಷ್ಟು ಚೆಂದ ಇದೆ, ಹಾಳಾಗಿಬಿಡುತ್ತೆ" ಅನ್ನಿಸಿಕೊಂಡು ಬೀರು ಸೇರುತ್ತದೆ. ಬೀರು ಸೇರಿದವನ್ನು ತೆಗೆದು ನೋಡಿದರೆ ಹೆಚ್ಚಿನವು ನೀರು ಹೀರದ ಬಟ್ಟೆಯವು, ಅಥವಾ ಒಗೆಯಲು ಭಯವಾಗುವಷ್ಟು ಲೇಸು, ಜರಿ, ಕನ್ನಡಿ ಹೊತ್ತವು. ಹೊಲಿಯುವವರು ಬಹುತೇಕ ಲೇಸಿನ ಅಂಗಡಿಯಿಂದ ಶುರುಮಾಡುತ್ತಾರೆ, ತಪ್ಪುವುದು ಅಲ್ಲೇ. ಮೊದಲು ಟವೆಲ್ ಮಾಡಬೇಕಾದ ಕೆಲಸ, ಆಮೇಲೆ ಬಟ್ಟೆ, ಆಮೇಲೆ ಅಲಂಕಾರ, ಕೊನೆಗೆ ಅಂಚು. ಈ ಸರದಿಯಲ್ಲಿ ಆಯ್ದುಕೊಂಡರೆ ಉಡುಗೊರೆ ಬಳಕೆಗೆ ಬರುತ್ತದೆ.

ಯಾವ ಕೆಲಸಕ್ಕೆ?

ನಮ್ಮ ಅಡುಗೆಮನೆಯಲ್ಲಿ ಬಟ್ಟೆಗಳಿಗೆ ಬೇರೆ ಬೇರೆ ಕೆಲಸವಿದೆ. ಬಿಸಿ ಪಾತ್ರೆ ಇಳಿಸುವ, ಕಟ್ಟೆ ಒರೆಸುವ ಮಸಿಬಟ್ಟೆಯನ್ನು ಉಡುಗೊರೆಯ ಲೆಕ್ಕಕ್ಕೆ ಹಿಡಿಯಬೇಡಿ. ಎರಡೇ ವಾರದಲ್ಲಿ ಅದು ಅರಿಶಿನ, ಎಣ್ಣೆ, ಮಸಿಯಿಂದ ತುಂಬಿಹೋಗುತ್ತದೆ. ಚಪಾತಿ, ರೊಟ್ಟಿ ಸುತ್ತಿಡುವ ಬಟ್ಟೆಗೆ ಬಣ್ಣ ಬಿಡದ ಬಿಳಿ ಹತ್ತಿಯೇ ಆಗಬೇಕು, ನಡುವೆ ಯಾವ ಅಲಂಕಾರವೂ ಬೇಡ. ಅಲಂಕಾರಕ್ಕೆ ಎಡೆ ಇರುವುದು ಉಳಿದ ಎರಡಕ್ಕೆ: ತೊಳೆದ ಪಾತ್ರೆ ಒರೆಸುವ ಟವೆಲ್ ಮತ್ತು ಕೈ ಒರೆಸಿಕೊಳ್ಳುವ ಟವೆಲ್. ಪಾತ್ರೆಯದ್ದು ತೆಳುವಾಗಿ ಅಗಲವಾಗಿರಲಿ, ಕೈಯದ್ದು ಸ್ವಲ್ಪ ದಪ್ಪವಿದ್ದರೂ ನಡೆಯುತ್ತದೆ. ಎರಡಕ್ಕೂ ಹೊಂದುವ ಅಳತೆ, ಹೊಲಿದ ಮೇಲೆ 18 ಇಂಚು ಅಗಲ, 28 ಇಂಚು ಉದ್ದ.

ಬಟ್ಟೆ

ಅಂಗಡಿಯಲ್ಲಿ ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೊಸ ಬಟ್ಟೆಯ ಮೇಲೆ ಗಂಜಿ, ಮೆರುಗು ಇರುತ್ತದೆ. ಒಳ್ಳೆಯ ಹತ್ತಿಯ ಮೇಲೂ ನೀರು ಮುತ್ತಿನಂತೆ ನಿಂತುಬಿಡಬಹುದು. ಒಂದು ತುಂಡನ್ನು ಬಿಸಿನೀರಿನಲ್ಲಿ ಸೋಪು ಹಾಕಿ ಎರಡು ಸಲ ಒಗೆದು ಒಣಗಿಸಿ, ಆಮೇಲೆ ಒಂದು ಹನಿ ನೀರು ಬಿಡಿ. ನಾಲ್ಕೈದು ಸೆಕೆಂಡಿನಲ್ಲಿ ಇಂಗಿದರೆ ಸರಿ. ಇಂಗದಿದ್ದರೆ ಒಂದು ಎಳೆ ಬಿಚ್ಚಿ ಸುಟ್ಟು ನೋಡಿ: ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೃದುವಾದ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿ ಬಂದ ಬಟ್ಟೆ ಟವೆಲ್ಲಿಗೆ ಬೇಡವೇ ಬೇಡ.

ಸುಲಭವಾಗಿ ಸಿಗುವ ಆಯ್ಕೆಗಳು ಐದು.

ಕೈಮಗ್ಗದ ಚೌಕುಳಿ ಟವೆಲ್. ಚೌಕ ಎನ್ನಿ, ಕರಾವಳಿಯವರಾದರೆ ಬೈರಾಸು ಎನ್ನಿ. ತೆಳು, ಬೇಗ ಒಣಗುತ್ತದೆ, ಒಗೆದಷ್ಟೂ ಮೆತ್ತಗಾಗಿ ಹೆಚ್ಚು ಹೀರುತ್ತದೆ. ಮಳೆಗಾಲದಲ್ಲಿ ಒಳಗೇ ಹಗ್ಗಕ್ಕೆ ಹಾಕಿ ಒಣಗಿಸುವ ಮಲೆನಾಡು, ಕರಾವಳಿಯ ಮನೆಗಳಿಗೆ ಇದನ್ನು ಮೀರಿದ್ದಿಲ್ಲ. ಹೊಲಿಗೆಯೂ ಕಡಿಮೆ. 60 ಇಂಚು ಉದ್ದ, 30 ಇಂಚು ಅಗಲದ ಒಂದು ಟವೆಲ್ ಒಗೆದ ಮೇಲೆ ಸುಮಾರು 57ಕ್ಕೆ 28½ ಆಗುತ್ತದೆ. ಉದ್ದವನ್ನು ಮೂರು ಪಾಲು ಮಾಡಿದರೆ 19 ಇಂಚು ಅಗಲ, 28½ ಇಂಚು ಉದ್ದದ ಮೂರು ತುಂಡು. ಇವುಗಳ ಗಿಡ್ಡ ಬದಿಗಳಲ್ಲಿ ಮಗ್ಗದ ಅಂಚು ಮೊದಲೇ ಇರುವುದರಿಂದ ಉದ್ದದ ಎರಡು ಬದಿ ಮಾತ್ರ ಮಡಿಸಿ ಹೊಲಿದರಾಯಿತು. ಮೂಲ ಟವೆಲ್ಲಿನ ಎರಡು ತುದಿಗಳಲ್ಲಿ ಗೊಂಡೆ ಬಿಟ್ಟಿದ್ದರೆ ಅದನ್ನು ಕತ್ತರಿಸಿಯೇ ಅಳೆಯಿರಿ. ಇದರ ದೋಷ ಬಣ್ಣ. ಕೆಂಪು, ಕಡುನೀಲಿ ಚೌಕುಳಿಗಳು ಮೊದಲ ನಾಲ್ಕೈದು ಒಗೆತದಲ್ಲಿ ಬಣ್ಣ ಬಿಡಬಹುದು.

ಹನಿಕೋಂಬ್. ಜೇನುಗೂಡಿನಂತೆ ಕುಳಿ ಕುಳಿಯಾಗಿ ನೇಯ್ದದ್ದು. ವಾಫಲ್ ಎಂದೂ ಮಾರುತ್ತಾರೆ. ಹೀರುವುದರಲ್ಲಿ ಇದಕ್ಕೆ ಮೊದಲ ಸ್ಥಾನ, ನೋಡಲೂ ಚೆಂದ. ಆದರೆ ಹೊಲಿಯುವವರನ್ನು ಹೆಚ್ಚು ಅಳಿಸುವುದೂ ಇದೇ. ಸಾದಾ ಹತ್ತಿ ನೂರಕ್ಕೆ 3ರಿಂದ 5 ಕುಗ್ಗಿದರೆ ಇದು 10, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕುಗ್ಗುತ್ತದೆ. ಮಷೀನಿನ ಕೆಳಗೆ ರಬ್ಬರಿನಂತೆ ಹಿಗ್ಗಿ ಅಂಚೆಲ್ಲ ಅಲೆ ಅಲೆಯಾಗುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಮಷೀನಿನ ಪಾದದ ಒತ್ತಡ ಸಡಿಲಿಸಿ, ಹೊಲಿಗೆಯ ಉದ್ದವನ್ನು 3 ಮಿಲಿಮೀಟರಿಗೆ ಇಟ್ಟು, ಅಡಿಯಲ್ಲಿ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು ಕಾಗದ ಹರಿದು ತೆಗೆದರೆ ಅಲೆ ಬಹಳಷ್ಟು ತಗ್ಗುತ್ತದೆ. ಹೊಲಿಗೆಯಲ್ಲಿ ಕೈ ಕೂತವರಿಗೆ ಮಾತ್ರ ಇದನ್ನು ಹೇಳುತ್ತೇವೆ.

ಮ್ಯಾಟಿ ಬಟ್ಟೆ. ಜೋಡಿ ಎಳೆಗಳ ಚೌಕ ನೇಯ್ಗೆ, ಕಸೂತಿ ಕಲಿಯುವವರೆಲ್ಲ ಬಲ್ಲದ್ದು. ಎಳೆ ಎಣಿಸಿ ಹಾಕುವ ಕಸೂತಿಗೆ ಇದೇ ಸರಿ. ಗಂಜಿ ಬಹಳ ಇರುವುದರಿಂದ ಎರಡಲ್ಲ, ಮೂರು ಸಲ ಒಗೆಯಿರಿ. ಕತ್ತರಿಸಿದ ಕೂಡಲೇ ಅಂಚಿನ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಹಾಗಾಗಿ ಒಗೆಯುವ ಮೊದಲೇ ಸುತ್ತ ಜಿಗ್‌ಜಾಗ್ ಹಾಕಿಕೊಳ್ಳಿ.

ಖಾದಿ. ಕೈನೂಲಿನ ಏರಿಳಿತವೇ ಅದರ ಸೊಬಗು. ಒರಟು ನೂಲಿನದ್ದನ್ನು ಆರಿಸಿ. ಅಂಗಿಗೆ ಬಳಸುವ ನಯವಾದ ಖಾದಿ ಟವೆಲ್ಲಿಗೆ ತೆಳುವಾಯಿತು. ಬ್ಲಾಕ್ ಪ್ರಿಂಟ್ ಇದರ ಮೇಲೆ ಚೆನ್ನಾಗಿ ಕೂರುತ್ತದೆ.

ಟರ್ಕಿ ಟವೆಲ್ ಬಟ್ಟೆ ಕೈ ಒರೆಸಲಷ್ಟೇ. ಗಾಜಿನ ಲೋಟ, ಸ್ಟೀಲ್ ತಟ್ಟೆಯ ಮೇಲೆ ನಾರು ಬಿಡುತ್ತದೆ, ಕುಣಿಕೆಗಳು ಬಳೆ, ಉಂಗುರಕ್ಕೆ ಸಿಕ್ಕಿ ಎಳೆಯುತ್ತವೆ, ಮಳೆಗಾಲದಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಅಂಗಡಿಯ ಸಿದ್ಧ ಟವೆಲ್‌ಗಳು ಬಹುತೇಕ ಇದೇ ಆಗಿರುವಾಗ ಕೈಯಾರೆ ಹೊಲಿದು ಕೊಡಲು ಇದನ್ನೇ ಏಕೆ ಆರಿಸಬೇಕು?

ಎಷ್ಟು ಬಟ್ಟೆ ಬೇಕು

ಪ್ರತಿ ಬದಿಗೆ ಮೊದಲ ಮಡಿಕೆ ಕಾಲು ಇಂಚು, ಎರಡನೆಯದು ಅರ್ಧ ಇಂಚು, ಒಟ್ಟು ಮುಕ್ಕಾಲು ಇಂಚು. ಅಂದರೆ 18ಕ್ಕೆ 28ರ ಟವೆಲ್ಲಿಗೆ 19½ಕ್ಕೆ 29½ ಕತ್ತರಿಸಬೇಕು. 44 ಇಂಚು ಪನ್ನದ (ಬಟ್ಟೆಯ ಅಗಲದ) ಸಾದಾ ಹತ್ತಿಯಲ್ಲಿ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಕೂರುತ್ತವೆ. ನಾಲ್ಕು ಟವೆಲ್ಲಿಗೆ 59 ಇಂಚು. ನೂರಕ್ಕೆ ಐದು ಕುಗ್ಗಿದರೂ ಸಾಲಬೇಕಾದರೆ 62 ಇಂಚಿಗಿಂತ ಸ್ವಲ್ಪ ಹೆಚ್ಚು, ಸೊಟ್ಟ ಅಂಚು ಸರಿಮಾಡಲು ಇನ್ನಷ್ಟು ಸೇರಿಸಿ 1.7 ಮೀಟರ್ ತನ್ನಿ. 36 ಇಂಚು ಪನ್ನವಾದರೆ ಟವೆಲ್ಲಿನ ಉದ್ದವನ್ನು ಪನ್ನದ ಕಡೆಗೆ ತಿರುಗಿಸಬೇಕಾಗುತ್ತದೆ. ಆಗ ನಾಲ್ಕಕ್ಕೆ 2.2 ಮೀಟರ್.

ಹನಿಕೋಂಬ್ ಆದರೆ ಅಂದಾಜಿಗೆ ಬಿಡಬೇಡಿ. ಒಂದು ತುಂಡಿನ ಮೇಲೆ 10 ಇಂಚಿನ ಚೌಕವನ್ನು ದಾರದಿಂದ ಕಚ್ಚಾ ಹೊಲಿಗೆ ಹಾಕಿ ಗುರುತಿಸಿ, ಒಗೆದು, ಇಸ್ತ್ರಿ ಹಾಕದೆ ಅಳೆಯಿರಿ. 9 ಇಂಚಾಗಿದ್ದರೆ ಬೇಕಾದ ಅಳತೆಯನ್ನು 0.9ರಿಂದ ಭಾಗಿಸಿ. ಉದ್ದ ಅಗಲ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಬೇರೆ ಬೇರೆ ಲೆಕ್ಕ ಹಾಕಿ. ಅಮೆರಿಕ, ಯುರೋಪಿನಲ್ಲಿರುವ ನೆಂಟರಿಗೆ ಕಳಿಸುವುದಾದರೆ ಅವರಲ್ಲಿ ಹಲವರು ಬಟ್ಟೆ ಒಣಗಿಸುವುದು ಬಿಸಿಗಾಳಿಯ ಡ್ರೈಯರಿನಲ್ಲಿ ಎಂಬುದು ನೆನಪಿರಲಿ. ಹಗ್ಗದ ಮೇಲೆ ಒಣಗಿದಾಗ ಕುಗ್ಗದ ಬಟ್ಟೆ ಅದರಲ್ಲಿ ಕುಗ್ಗುತ್ತದೆ. ಅಂಥವರ ಟವೆಲ್ಲಿನ ಬಟ್ಟೆಯನ್ನು ಕೈ ತಾಳುವಷ್ಟು ಬಿಸಿನೀರಿನಲ್ಲಿ ಎರಡು ಮೂರು ಬಾರಿ ನೆನೆಸಿ ಒಣಗಿಸಿಯೇ ಕತ್ತರಿಸಿ.

ಕತ್ತರಿಸುವಾಗ ಟೇಪಿನ ಗೆರೆಯನ್ನು ನಂಬುವ ಬದಲು ನೂಲನ್ನು ನಂಬಿ. ಅಡ್ಡಕ್ಕೆ ಒಂದು ಎಳೆಯನ್ನು ಎಳೆದು ತೆಗೆದರೆ ಗೆರೆ ಕಾಣುತ್ತದೆ, ಆ ಗೆರೆಯ ಮೇಲೆ ಕತ್ತರಿ ಆಡಿಸಿ. ಹಾಗೆ ಮಾಡದೆ ಸೊಟ್ಟಗೆ ಕತ್ತರಿಸಿದ ಟವೆಲ್ ಹೊಲಿದಾಗ ನೆಟ್ಟಗೇ ಕಾಣುತ್ತದೆ, ಮೂರನೇ ಒಗೆತಕ್ಕೆ ಒಂದು ಮೂಲೆ ಜೋತುಬೀಳುತ್ತದೆ.

ಅಲಂಕಾರ: ಕಣದ ಪಟ್ಟಿಯೋ, ಕಸೂತಿಯೋ?

ನಿಜವಾದ ಆಯ್ಕೆ ಇರುವುದು ಇಲ್ಲಿ.

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ರವಿಕೆ ಬಟ್ಟೆಯಾದ ಕಣ ಉತ್ತರ ಕರ್ನಾಟಕದ ಮನೆಗಳಲ್ಲಿ ಉಡಿ ತುಂಬುವಾಗ ಬಂದು ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ಟವೆಲ್ಲಿನ ಕೆಳಗೆ ಅಡ್ಡಪಟ್ಟಿಯಾಗಿ ಅದು ಕುಳಿತಾಗ ಸಾದಾ ಚೌಕಕ್ಕೆ ಹಬ್ಬದ ಕಳೆ ಬರುತ್ತದೆ. 80 ಸೆಂಟಿಮೀಟರಿನ ಒಂದು ಕಣದಲ್ಲಿ 4½ ಇಂಚು ಅಗಲದ ಆರು ಪಟ್ಟಿ ಸಿಗುತ್ತವೆ, ಅಂದರೆ ಆರು ಟವೆಲ್. ಬುಟ್ಟಾ ಹಿಂಬದಿಯಲ್ಲಿ ಬಿಡಿ ಎಳೆಗಳಿರುತ್ತವೆ, ಪಟ್ಟಿಯಾಗಿ ಹೊಲಿದಾಗ ಅವು ಟವೆಲ್ಲಿನ ಮೈಗೆ ಅಂಟಿ ಮುಚ್ಚಿಹೋಗುತ್ತವೆ. ಇದೂ ಒಂದು ಅನುಕೂಲ.

ಆದರೆ ಈಗ ಮಾರುಕಟ್ಟೆಯಲ್ಲಿ ಕಣ ಎಂದು ಮಾರುವುದರಲ್ಲಿ ಪಾಲಿಯೆಸ್ಟರ್ ನೂಲಿನದ್ದೂ ಬಹಳ. ಮೇಲೆ ಹೇಳಿದಂತೆ ಎಳೆ ಸುಟ್ಟು ನೋಡಿ. ಟವೆಲ್ ಎಂದ ಮೇಲೆ ಯಾರಾದರೂ ಅದರಲ್ಲೇ ಬಿಸಿ ಬಾಣಲೆ ಹಿಡಿಯುತ್ತಾರೆ, ಒಲೆಯ ಪಕ್ಕ ತೂಗುಹಾಕುತ್ತಾರೆ. ಕರಗುವ ಎಳೆ ಕೈಗೆ ಅಂಟಿದರೆ ಸುಡುವುದು ಬಟ್ಟೆ ಮಾತ್ರವಲ್ಲ. ಹತ್ತಿಯ ಕಣ ಸಿಕ್ಕರೆ ಅದೇ ಇರಲಿ. ರೇಷ್ಮೆಯದ್ದಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಅದನ್ನು ದಿನಬಳಕೆಯ ಟವೆಲ್ಲಿಗೆ ಕೂರಿಸಿದರೆ ಸೋಪಿನ ಪುಡಿಗೆ ಬೇಗ ಬಾಡುತ್ತದೆ.

ಹೊಲಿಯುವ ಕ್ರಮ ಹೀಗೆ. ಕಣವನ್ನೂ ಟವೆಲ್ಲಿನ ಬಟ್ಟೆಯನ್ನೂ ಬೇರೆ ಬೇರೆಯಾಗಿ ಒಗೆದು ಒಣಗಿಸಿ. ಒಗೆಯದ ಪಟ್ಟಿಯನ್ನು ಒಗೆದ ಟವೆಲ್ಲಿಗೆ ಹೊಲಿದರೆ ಮುಂದೆ ಪಟ್ಟಿ ಮುಕ್ಕಾಲು ಇಂಚಿನವರೆಗೂ ಕುಗ್ಗಿ ಇಡೀ ಕೆಳಭಾಗ ಸುಕ್ಕಾಗುತ್ತದೆ, ಅದಕ್ಕೆ ಆಮೇಲೆ ಮದ್ದಿಲ್ಲ. 4½ ಇಂಚಿನ ಪಟ್ಟಿಯ ಉದ್ದದ ಎರಡೂ ಬದಿಯನ್ನು ಅರ್ಧರ್ಧ ಇಂಚು ಒಳಕ್ಕೆ ಮಡಿಸಿ ಇಸ್ತ್ರಿ ಹಾಕಿದರೆ 3½ ಇಂಚು ಉಳಿಯುತ್ತದೆ. ಕಣದ ಎಳೆ ಬೇಗ ಬಿಚ್ಚಿಕೊಳ್ಳುವುದರಿಂದ ಕಾಲು ಇಂಚಿನ ಮಡಿಕೆ ಸಾಲದು. ಟವೆಲ್ಲಿನ ಕೆಳ ಅಂಚಿನಿಂದ 3 ಇಂಚು ಮೇಲೆ ಪಟ್ಟಿ ಇಟ್ಟು ಗುಂಡುಪಿನ್ನಿನ ಬದಲು ಕಚ್ಚಾ ಹೊಲಿಗೆ ಹಾಕಿ. 14 ನಂಬರ್ ಸೂಜಿ, 2.5 ಮಿಲಿಮೀಟರ್ ಹೊಲಿಗೆ, ಮಡಿಕೆಯ ತುದಿಯಿಂದ ಒಂದು ನೂಲು ಒಳಗೆ. ಮೇಲಿನ ಬದಿಯನ್ನು ಎಡದಿಂದ ಬಲಕ್ಕೆ ಹೊಲಿದರೆ ಕೆಳಗಿನದ್ದನ್ನೂ ಎಡದಿಂದ ಬಲಕ್ಕೇ ಹೊಲಿಯಿರಿ. ಮಷೀನಿನಲ್ಲಿ ಮೇಲಿನ ಪದರ ಕೆಳಗಿನದ್ದಕ್ಕಿಂತ ಸ್ವಲ್ಪ ಹಿಂದುಳಿಯುತ್ತದೆ. ಒಂದು ಬದಿ ಹೋಗುತ್ತಾ, ಇನ್ನೊಂದು ಬರುತ್ತಾ ಹೊಲಿದರೆ ಎರಡೂ ಎದುರು ದಿಕ್ಕಿಗೆ ಎಳೆದು ಪಟ್ಟಿಯ ನಡುವೆ ಓರೆ ಸುಕ್ಕು ಬೀಳುತ್ತದೆ. ಪಟ್ಟಿ ಕೂತ ಮೇಲೆಯೇ ಟವೆಲ್ಲಿನ ಪಕ್ಕದ ಅಂಚುಗಳನ್ನು ಮಡಿಸಿ, ಪಟ್ಟಿಯ ತುದಿಗಳು ಆ ಮಡಿಕೆಯೊಳಗೆ ಅಡಗುತ್ತವೆ. ಕಟಿಂಗ್ ಮುಗಿದಿದ್ದರೆ ಒಂದು ಟವೆಲ್ಲಿಗೆ ಸುಮಾರು ಒಂದು ಗಂಟೆ.

ಹಳೆಯ ಹತ್ತಿ ಸೀರೆಯ ಅಂಚನ್ನೂ ಇದೇ ಕ್ರಮದಲ್ಲಿ ಹಾಕಬಹುದು. ಅಜ್ಜಿಯ ಸೀರೆಯ ಅಂಚು ಮೊಮ್ಮಗಳ ಅಡುಗೆಮನೆಗೆ ಹೋಗುವುದಕ್ಕಿಂತ ದೊಡ್ಡ ಉಡುಗೊರೆ ಯಾವುದಿದೆ? ಮೊದಲು ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಸಣ್ಣ 'ಪರ್' ಸದ್ದು ಬಂದರೆ ನೂಲು ಸತ್ತಿದೆ, ಟವೆಲ್ಲಿಗೆ ಬೇಡ.

ಧಾರವಾಡದ ಕಸೂತಿ ಇನ್ನೊಂದು ದಾರಿ. ಅದರ ನಾಲ್ಕು ಹೊಲಿಗೆಗಳಲ್ಲಿ ಗೆರೆ ಎಳೆದಂತೆ ಸಾಗುವ ಗವಂತಿ, ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿ ಎರಡೂ ಬಟ್ಟೆಯ ಎರಡು ಬದಿಯಲ್ಲೂ ಒಂದೇ ರೀತಿ ಕಾಣುತ್ತವೆ. ತೂಗುವ ಟವೆಲ್ಲಿನ ಹಿಂಬದಿಯೂ ಕಣ್ಣಿಗೆ ಬೀಳುವುದರಿಂದ ಇದು ಬಹಳ ದೊಡ್ಡ ಗುಣ. ಮೆಂತಿ ಒಂದರ ಮೇಲೊಂದು ಹಾಯುವ ಓರೆಗೆರೆಗಳ (ಕ್ರಾಸ್) ಹೊಲಿಗೆ, ನೇಯ್ಗಿ ನೇಯ್ದಂತೆ ತುಂಬುವ ಹೊಲಿಗೆ. ಎರಡೂ ದಾರವನ್ನು ಹೆಚ್ಚು ಹೊರುತ್ತವೆ, ಮೆಂತಿಯ ಹಿಂಬದಿ ಬೇರೆಯೇ ಕಾಣುತ್ತದೆ. ಟವೆಲ್ಲಿಗೆ ಗವಂತಿ, ಮುರ್ಗಿಯಲ್ಲೇ ನಿಲ್ಲಿ. ಮ್ಯಾಟಿ ಬಟ್ಟೆಯ ಮೇಲೆ ಆರೆಳೆಯ ಹತ್ತಿ ದಾರದಿಂದ ಎರಡೆಳೆ ಬಿಡಿಸಿ, ತುದಿ ಮೊಂಡಾದ 24 ನಂಬರ್ ಸೂಜಿಯಲ್ಲಿ ಹಾಕಿ. ಸೂಜಿ ಎಳೆಯನ್ನು ಸೀಳದೆ ಎಳೆಗಳ ನಡುವೆ ಇಳಿಯಬೇಕು. ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ. ಶುರುವಿನಲ್ಲಿ ಎರಡಿಂಚು ದಾರ ಹೊರಗೆ ಬಿಟ್ಟು, ಕೊನೆಗೆ ಹಾಕಿದ ಹೊಲಿಗೆಗಳ ಅಡಿಯಲ್ಲೇ ಅದನ್ನು ತೂರಿಸಿ ಮುಚ್ಚಿ.

ಹೊಸಬರು ಗವಂತಿಯಲ್ಲಿ ಎಡವುವುದು ದಾರಿಯ ಲೆಕ್ಕದಲ್ಲಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬಬೇಕು. ಗೋಪುರದ ಚಿತ್ರ ಹಾಕುವಾಗ ಪಕ್ಕದ ಕವಲಿಗೆ ಹೋದರೆ ಆ ಕವಲಿನ ತುದಿ ಮುಟ್ಟಿ, ಅದನ್ನು ತುಂಬುತ್ತಾ ಬುಡಕ್ಕೆ ಮರಳಿ, ಆಮೇಲೆ ಮುಂದಕ್ಕೆ. ಚೌಕಳಿ ಕಾಗದದಲ್ಲಿ ಪೆನ್ಸಿಲ್ಲಿನಿಂದ ದಾರಿ ಬರೆದುಕೊಳ್ಳದೆ ಸೂಜಿ ಹಿಡಿದರೆ ನಡುವೆ ದಾರ ಜಿಗಿಸಬೇಕಾಗಿ ಬರುತ್ತದೆ, ಹಿಂಬದಿ ಕೆಡುತ್ತದೆ. ಮೊದಲ ಬಾರಿಗೆ 2 ಇಂಚು ಎತ್ತರದ ಒಂದು ತುಳಸಿಕಟ್ಟೆ, ಅದರ ಎರಡೂ ಕಡೆ ಮುರ್ಗಿಯ ಸಾಲು, ಇಷ್ಟು ಸಾಕು. ನಯ ಬಟ್ಟೆಯ ಮೇಲೆ ಹಾಕಲೇಬೇಕೆಂದರೆ ಜಾಳು ಕ್ಯಾನ್ವಾಸನ್ನು ಮೇಲೆ ಕಚ್ಚಾ ಹೊಲಿಗೆಯಲ್ಲಿ ಕೂರಿಸಿ, ಅದರ ಕಣ್ಣು ಎಣಿಸಿ ಹಾಕಿ, ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ.

ಎರಡರಲ್ಲಿ ಯಾವುದು? ಹತ್ತು ಜನರಿಗೆ ಕೊಡಬೇಕಾದರೆ ಕಣದ ಪಟ್ಟಿ. ಒಬ್ಬರೇ ಒಬ್ಬರಿಗೆ, ಅವರು ಕೈಕೆಲಸದ ಬೆಲೆ ಬಲ್ಲವರಾದರೆ, ಕಸೂತಿ. ಒಂದು ಟವೆಲ್ಲಿಗೆ ಹಲವು ಸಂಜೆಗಳು ಹಿಡಿಯುತ್ತವೆ, ಅವಸರದಲ್ಲಿ ಆಗದು.

ಉಳಿದವನ್ನು ಬೇಗ ಹೇಳಿಬಿಡಬಹುದು. ಹತ್ತಿ ದಾರದ ಕ್ರೋಶಾ ಲೇಸು ಕೆಳ ಅಂಚಿಗೆ ಚೆಂದ, ಒಂದು ಇಂಚಿಗಿಂತ ಅಗಲ ಬೇಡ, ಅಗಲವಾದರೆ ಮಿಕ್ಸಿಯ ಗುಂಡಿಗೂ ಡಬ್ಬಿಯ ಮುಚ್ಚಳಕ್ಕೂ ಸಿಕ್ಕಿಕೊಳ್ಳುತ್ತದೆ. ನೈಲಾನ್ ಲೇಸು ಒಲೆಯ ಬಳಿ ಬೇಡ. ಬ್ಲಾಕ್ ಪ್ರಿಂಟಿನ ಬಟ್ಟೆ ಬಣ್ಣ ಕೂತ ಕಡೆ ನೀರು ಹೀರದು, ಹಾಗಾಗಿ ನಡುವೆ ದೊಡ್ಡ ಚಿತ್ರದ ಬದಲು ಎರಡು ತುದಿಯಲ್ಲಿ ಸಣ್ಣ ಸಾಲು ಒತ್ತಿ. ಒಂದು ದಿನ ಒಣಗಲು ಬಿಟ್ಟು, ಹಿಂಬದಿಯಿಂದ ಹಬೆಯಿಲ್ಲದ ಬಿಸಿ ಇಸ್ತ್ರಿಯನ್ನು ಜಾಗ ಬದಲಿಸುತ್ತಾ ನಾಲ್ಕೈದು ನಿಮಿಷ ಆಡಿಸಿ. ಬೇರೆ ಬಟ್ಟೆಯಲ್ಲಿ ಚಿತ್ರ ಕತ್ತರಿಸಿ ಅಂಟಿಸುವ ಆಪ್ಲಿಕ್ ಮೊದಲಿಗೆ ಸುಲಭ ಅನ್ನಿಸಿದರೂ ಸುತ್ತ ಒತ್ತಾದ ಜಿಗ್‌ಜಾಗ್ ಹಾಕದಿದ್ದರೆ ಕೆಲವೇ ಒಗೆತಕ್ಕೆ ಮೂಲೆ ಎದ್ದುಬರುತ್ತದೆ. ಸಂಡೂರಿನ ಲಂಬಾಣಿ ಕಸೂತಿ ಅತ್ಯಂತ ಸೊಗಸಾದ ಕಲೆ, ಆದರೆ ಕನ್ನಡಿ, ಕವಡೆ ಇರುವುದರ ಜಾಗ ಚೀಲ, ಗೋಡೆ, ಉಡುಪು. ಪಾತ್ರೆ ಒರೆಸುವ ಬಟ್ಟೆಯ ಮೇಲೆ ಗಾಜಿನ ಚೂರು ಇರಕೂಡದು.

ಅಂಚು

ಎರಡು ಮಡಿಕೆಯ ಸಾದಾ ಅಂಚೇ ಹೆಚ್ಚಿನ ಟವೆಲ್ಲಿಗೆ ಸಾಕು. ಓವರ್‌ಲಾಕ್ ಒಂದನ್ನೇ ನಂಬಿ ಬಿಟ್ಟರೆ ಉಜ್ಜಿ ಒಗೆಯುವಲ್ಲಿ ನೂಲು ಬಿಚ್ಚುತ್ತದೆ. ಸೀರೆಗೆ ಹಾಕಿಸುವಂತೆ ಪಿಕೊ ಹಾಕಿಸುವವರಿದ್ದಾರೆ, ಅದು ತೆಳು ಬಟ್ಟೆಗೆ ನಡೆಯುತ್ತದಾದರೂ ಬಾಳಿಕೆ ಕಡಿಮೆ. ಹನಿಕೋಂಬ್, ಟರ್ಕಿಗೆ ಎರಡು ಮಡಿಕೆ ದಪ್ಪವಾಗಿ ಸೂಜಿ ಮುರಿಯುತ್ತದೆ. ಅಂಥವಕ್ಕೆ ತೆಳು ಹತ್ತಿಯ ಕ್ರಾಸ್ (ಓರೆಗೆ ಕತ್ತರಿಸಿದ) ಪಟ್ಟಿ, 2 ಇಂಚು ಅಗಲದ್ದು, ಪೈಪಿಂಗಿನಂತೆ ಸುತ್ತ ಕೂರಿಸಿ. ಟರ್ಕಿಗೆ 16 ನಂಬರ್ ಸೂಜಿ.

ಮೂಲೆಗಳಲ್ಲಿ ಬಟ್ಟೆ ಗುಡ್ಡೆಯಾಗುವುದು ಎಲ್ಲರ ದೂರು. ನಾಲ್ಕೂ ಬದಿಗೆ ಕಾಲು ಇಂಚು, ಅರ್ಧ ಇಂಚು ಮಡಿಕೆಗಳನ್ನು ಇಸ್ತ್ರಿಯಿಂದ ಗುರುತಿಸಿ ಪೂರ್ತಿ ಬಿಚ್ಚಿ. ಒಳಗಿನ ಎರಡು ಗೆರೆಗಳು ಸೇರುವ ಚುಕ್ಕೆ ಕಾಣುತ್ತದೆ. ಮೂಲೆಯನ್ನು ಆ ಚುಕ್ಕೆಯ ಮೇಲೆ ಓರೆಗೆ ಒಳಕ್ಕೆ ಮಡಿಸಿ ಇಸ್ತ್ರಿ ಒತ್ತಿ, ಓರೆ ಗೆರೆಯಿಂದ ಕಾಲು ಇಂಚು ಬಿಟ್ಟು ತುದಿ ಕತ್ತರಿಸಿ. ಈಗ ಎರಡೂ ಬದಿಯನ್ನು ಗೆರೆಗಳ ಮೇಲೆ ಮತ್ತೆ ಮಡಿಸಿದರೆ ಚಿತ್ರದ ಚೌಕಟ್ಟಿನಂತೆ ಕೂಡಿಕೊಳ್ಳುತ್ತದೆ. ಚುಕ್ಕೆಗಿಂತ ಒಳಗೆ ಮಡಿಸಿದರೆ ಮೂಲೆ ಮೊಂಡಾಗುತ್ತದೆ, ಹೊರಗೆ ಮಡಿಸಿದರೆ ಗುಡ್ಡೆ ಉಳಿಯುತ್ತದೆ.

ತೂಗುಹಾಕಲು ಕುಣಿಕೆ ಮರೆಯಬೇಡಿ. ನಮ್ಮ ಅಡುಗೆಮನೆಗಳಲ್ಲಿ ಓವನ್ನಿನ ಹಿಡಿ ಇರುವುದು ಅಪರೂಪ, ಮೊಳೆ ಅಥವಾ ಕೊಕ್ಕೆಯೇ ಹೆಚ್ಚು. 5 ಇಂಚು ಉದ್ದ, 1½ ಇಂಚು ಅಗಲದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ಗಿಡ್ಡ ಬದಿಯ ನಡುವೆ ಅಂಚಿನ ಮಡಿಕೆಯೊಳಗೆ ಸೇರಿಸಿ, ಮಷೀನನ್ನು ಮೂರು ಸಲ ಹಿಂದೆ ಮುಂದೆ ಓಡಿಸಿ. ಟವೆಲ್ಲಿನಲ್ಲಿ ಮೊದಲು ಕಿತ್ತುಬರುವುದು ಇದೇ ಜಾಗ. ಚೌಕದ ತುಂಡಿನ ಗಿಡ್ಡ ಬದಿಗೆ ಮಡಿಕೆ ಇರುವುದಿಲ್ಲವಾದ್ದರಿಂದ ಕುಣಿಕೆಯನ್ನು ಉದ್ದದ ಬದಿಯ ಮೇಲಿನ ಮೂಲೆಯಲ್ಲಿ ಕೊಡಿ.

ಬಣ್ಣ ಬಿಡುತ್ತದೆಯೇ?

ಅಲಂಕಾರದ ಬಟ್ಟೆಯನ್ನೂ ಕಸೂತಿ ದಾರವನ್ನೂ ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ. ಕಲೆ ಇಳಿದರೆ ಇನ್ನೆರಡು ಸಲ ಒಗೆದು ಮತ್ತೆ ನೋಡಿ, ಆಗಲೂ ಇಳಿದರೆ ಬಿಳಿ ಟವೆಲ್ಲಿನ ಮೇಲೆ ಅದನ್ನು ಕೂರಿಸಬೇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ಮಾತನ್ನು ನೆಚ್ಚಿಕೊಂಡು ಕೂರಬೇಡಿ; ಸರಿಯಾಗಿ ಹಿಡಿಯದ ಬಣ್ಣವನ್ನು ಉಪ್ಪು ಹಿಡಿಸಲಾರದು.

ಕೊಡುವಾಗ

ಗೃಹಪ್ರವೇಶಕ್ಕೆ, ಗೌರಿ ಹಬ್ಬದ ಬಾಗಿನದ ಜೊತೆಗೆ ಕೊಡುವುದಾದರೆ ಮೂರರ ಜೋಡಣೆ ಒಳ್ಳೆಯದು: ಕಣದ ಪಟ್ಟಿಯ ಎರಡು ಚೌಕ, ಅಲಂಕಾರವಿಲ್ಲದ ಒಂದು ಬಿಳಿ ರೊಟ್ಟಿ ಬಟ್ಟೆ. ಸಾದಾ ತುಂಡು ಜೊತೆಗಿದ್ದರೆ ಇವು ಬಳಸಲೆಂದೇ ಕೊಟ್ಟದ್ದು ಎಂದು ತೆಗೆದುಕೊಂಡವರಿಗೆ ಹೇಳದೆಯೇ ತಿಳಿಯುತ್ತದೆ. ಮಡಿಕೆ ನಿಲ್ಲಲೆಂದು ಗಂಜಿ ಹಾಕಬೇಡಿ, ಮೊದಲ ದಿನವೇ ನೀರು ಹೀರದಿದ್ದರೆ ಅವರು ಎರಡನೇ ದಿನ ಮುಟ್ಟುವುದಿಲ್ಲ. ತುಸು ಒದ್ದೆ ಇರುವಾಗಲೇ ಹಿಂಬದಿಯಿಂದ ಇಸ್ತ್ರಿ ಹಾಕಿ, ಪಟ್ಟಿ ಮೇಲೆ ಬರುವಂತೆ ಉದ್ದಕ್ಕೆ ಮೂರು ಮಡಿಕೆ, ಆಮೇಲೆ ಅಡ್ಡಕ್ಕೆ ಎರಡು. ಜೊತೆಗೊಂದು ಚೀಟಿ ಇಡಿ: "ಎರಡು ಸಲ ಒಗೆದಿದೆ. ಮೊದಲ ನಾಲ್ಕು ಸಲ ಬೇರೆಯಾಗಿ ಒಗೆಯಿರಿ. ಬಟ್ಟೆ ಮೆತ್ತಗಾಗಿಸುವ ದ್ರವ ಹಾಕಬೇಡಿ, ನೀರು ಹೀರುವುದಿಲ್ಲ."